ಹದಿನಾಲ್ಕು ಗ್ರಾಂ

ಭಾನುವಾರ, ಇನ್ನೂ ಬೆಳಕು ಹರಿದಿಲ್ಲ.
ಎಸ್‌ಲಿಂಗನ್ನಿನ ಹಳೆ ಸಾಮಾನಿನ ಸಂತೆ, ನೆಕರ್ ಹೊಳೆಯ ದಡ.
ಟಾರ್ಚು ಹಿಡಿದು ಬರುವವರು ನಾವು ನಾಲ್ಕೈದು ಜನ,
ಮೇಜಿನ ಮೇಲೆ ಬಾಗಿ, ಒಬ್ಬರ ಮುಖ ಒಬ್ಬರು ನೋಡದೆ.

ಥರ್ಮಾಸಿನ ಮುಚ್ಚಳ ತಿರುಗಿಸುತ್ತ ರೋಸ್ವಿತಾ ಕೆಖೆಲೆ
'ನಿಮ್ಮ ಕಾಯಿಲೆಗೆ ಮದ್ದು ತೆಗೆದಿಟ್ಟಿದ್ದೀನಿ' ಅಂದಳು.
ಸಿಗಾರಿನ ಡಬ್ಬಿ. ಗುಂಡಿ, ಬಕಲು, ಹಲ್ಲು ಮುರಿದ ಬಾಚಣಿಗೆ,
ಸ್ವಸ್ತಿಕದ ಮೇಲೆ ಬಿಳಿ ಚೀಟಿ ಅಂಟಿಸಿದ ಎರಡು ಬಿಲ್ಲೆ.
ಮೂವತ್ತಮೂರರಿಂದ ಈಚಿನದನ್ನು ನಾನು ಮುಟ್ಟುವುದಿಲ್ಲ,
ಹಾಗೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ,
ಅದಕ್ಕೂ ಹಿಂದಿನ ಬಂದೂಕುಗಳು
ಪನ್ನೀರು ಚಿಮುಕಿಸುತ್ತಿದ್ದವೋ ಏನೋ ಎಂಬಂತೆ.

ಅದು ತಳದಲ್ಲಿತ್ತು. ವ್ಯುರ್ಟೆಂಬರ್ಗಿನ ಬೆಳ್ಳಿ.
ಒಂದು ಕಡೆ ದೊರೆ; ಗಡ್ಡ ಇರಬೇಕಾದಲ್ಲಿ ಬರೀ ನುಣುಪು.
ಆ ಕಡೆ ಎಲೆಮಾಲೆಯ ಒಳಗೆ: ಶೌರ್ಯಕ್ಕೆ, ನಿಷ್ಠೆಗೆ.
ಅಂಚಿನಲ್ಲಿ, ಸರ್ಕಾರದ್ದಲ್ಲದ ಯಾವುದೋ ಅಕ್ಕಸಾಲಿಗನ ಕೈಬರಹ:
ಜಿ. ಹೇಫೆಲೆ, ೧೯೧೭.

'ಎಪ್ಪತ್ತು ಯೂರೋ. ಪಟ್ಟಿ ಹರಿದು ಹೊಲಿದಿದ್ದಾರೆ, ಅದಕ್ಕೇ ಅಗ್ಗ.'
ಚೌಕಾಸಿ ಮಾಡಲಿಲ್ಲ. ಮಾಡಬೇಕಿತ್ತು.
ನನ್ನ ಬೆರಳು ನಡುಗಿದ್ದನ್ನು ಅವಳು ನೋಡಿಬಿಟ್ಟಳು.

ಮನೆಗೆ ಬಂದು ಪರದೆ ಎಳೆದು ನೇರಳೆ ದೀಪ ಹಚ್ಚಿದೆ.
ನಲವತ್ತು ವರ್ಷ ಕಟ್ಟು ಹಲ್ಲು ಮಾಡಿದವನು ನಾನು,
ಲೋಹ ಸುಳ್ಳು ಹೇಳಿದರೆ ತಿಳಿಯುತ್ತದೆ. ನೂಲಿಗೆ ಮಾತ್ರ ಈ ದೀಪ ಬೇಕು:
ಈಚಿನ ನೂಲು ಹೊಳೆಯುತ್ತದೆ,
ಹಳೆಯದು ಕತ್ತಲಲ್ಲಿ ಕತ್ತಲಾಗಿಯೇ ಇರುತ್ತದೆ.
ಹಳದಿ ಕಪ್ಪು ಪಟ್ಟಿ ಬಾಯಿ ಬಿಡಲಿಲ್ಲ.
ಹೊಲಿಗೆ ಮಾತ್ರ, ಏಳೇ ಏಳು ಹೊಲಿಗೆ,
ಮಲಗಿದ ಊರಿನಲ್ಲಿ ಕೂಸು ಇರುವ ಮನೆಯ ಕಿಟಕಿಯಂತೆ
ನೀಲಿಯಾಗಿ ಎದ್ದು ಕೂತವು.
ಎರಡೂ ಯುದ್ಧ ಮುಗಿದ ಮೇಲಿನ ನೂಲು.
ಯಾರು ಹೊಲಿದರು, ಯಾವ ಕೋಟಿಗೆ?

ಸ್ಟುಟ್‌ಗಾರ್ಟಿನ ದಫ್ತರದಲ್ಲಿ ಒಂದೂವರೆ ಸಾಲು ಸಿಕ್ಕಿತು:
ಗಾಟ್‌ಲೋಬ್ ಹೇಫೆಲೆ, ಉರಾಖ್ ಊರಿನವನು, ಬೇಕರಿ ಕೆಲಸ,
ಕಡಿದ ಟೆಲಿಫೋನ್ ತಂತಿಯನ್ನು ಷೆಲ್ಲಿನ ನಡುವೆ
ಒಂದೇ ರಾತ್ರಿ ಮೂರು ಸಲ ಗಂಟು ಹಾಕಿದ.

ಉರಾಖಿನಲ್ಲಿ ಹೇಫೆಲೆಗಳು ಹನ್ನೊಂದು. ಆರನೆಯ ಫೋನಿಗೆ ಮೊಮ್ಮಗಳು.
'ಅದಾ!' ಗೆರ್ಲಿಂಡೆ ನಕ್ಕಳು. 'ಅಜ್ಜ ಯೀಸ್ಟ್ ತೂಗೋಕೆ ಇಟ್ಟಿದ್ದ.
ಪಟ್ಟಿ ಸೇರಿ ಸರಿಯಾಗಿ ಹದಿನಾಲ್ಕು ಗ್ರಾಂ.
ಈ ತಟ್ಟೆಯಲ್ಲಿ ದೊರೆ, ಆ ತಟ್ಟೆಯಲ್ಲಿ ಯೀಸ್ಟು.
ಹಿಟ್ಟಿನ ಕೈಯಲ್ಲೇ ಎತ್ತೋದು, ಇಡೋದು. ಮೊಳೆಗೆ ತೂಗುಹಾಕೋಕೆ
ಪಟ್ಟಿ ಬೇಕಲ್ಲ, ಹರಿದಾಗ ಅಜ್ಜಿ ಹೊಲಿದಳು.'

ಎದೆಗೆ?
'ಎದೆಗೆ ಹಾಕಿದ್ದು ನಾನಂತೂ ಕಂಡಿಲ್ಲ.'
ತಂತಿಯ ಮಾತು?
'ಒಂದೇ ಸಲ. ಅಜ್ಜಿ ದೀಪ ಹತ್ತಿರ ಎಳೆದು ಸೂಜಿ ಹುಡುಕುತ್ತಿದ್ದಾಗ,
ಕೊಡಿಲ್ಲಿ, ಕತ್ತಲಲ್ಲಿ ಗಂಟು ಹಾಕೋದು
ನಿನಗಿಂತ ನನಗೆ ಚೆನ್ನಾಗಿ ಬರುತ್ತೆ, ಅಂದ.
ಆಮೇಲೆ ಎದ್ದು ಹೊರಗೆ ಹೋದ.'

ವಾಪಸ್ಸು ಕಳಿಸಲೇ, ಕೇಳಿದೆ.
ಕೇಳುವಾಗಲೇ ಬೇಡವೆನ್ನಲಿ ಎಂದು ಹರಕೆ ಹೊತ್ತಂತೆ ಉಸಿರು ಹಿಡಿದು.
'ಮಾರಿದ್ದೇ ನಾನು, ಮೂವತ್ತಕ್ಕೆ. ನೀವೆಷ್ಟು ಕೊಟ್ಟಿರಿ?'
ಮೂವತ್ತೈದು, ಅಂದೆ.

ಬೀರುವಿನಲ್ಲಿ ಮಖಮಲ್ಲಿನ ಮೇಲೆ ಸಾಲಾಗಿ ಇಪ್ಪತ್ತೆಂಟು ಎದೆಗಾರಿಕೆ,
ಎದೆಗಳಿಲ್ಲದೆ. ಬೀಗದ ಕೈ ನನ್ನ ಜೇಬಿನಲ್ಲಿ.
ಇದನ್ನು ಅಲ್ಲಿ ಇಡಲು ಆಗಲಿಲ್ಲ, ಆ ರಾತ್ರಿ.
ಅಡುಗೆಮನೆಯ ತಕ್ಕಡಿ ತೆಗೆದು ನೋಡಿದೆ:
ಹದಿಮೂರು ಗ್ರಾಂ, ಮೇಲೆ ಆರು ಚಿಲ್ಲರೆ.
ಮತ್ತೆ ಇಟ್ಟೆ. ಅಷ್ಟೇ.

ಉಳಿದದ್ದು ದೊರೆಯ ಗಡ್ಡ.
ದಿನಕ್ಕೊಂದು ಕಣದಂತೆ ಹಿಟ್ಟಿಗೆ ಬಿದ್ದು, ನಾದಿ, ಬೆಂದು,
ಬೆಳಿಗ್ಗೆ ಆರಕ್ಕೆ ಉರಾಖಿನ ಮಕ್ಕಳು
ಬೆಣ್ಣೆ ಸವರಿ ತಿಂದು ಶಾಲೆಗೆ ಹೋದರು.